ಗೇರ್ ಪೆಟ್ಟಿಗೆಗೆ ಗಾಳಿ ಕೊಟ್ಟವನು

ಅವನನ್ನು ಮಣ್ಣು ಮಾಡಿ ಊರಿಗೆ ಬಂದ ದಿನವೇ ಇದನ್ನು ಹೇಳಬೇಕಾಗಿತ್ತು. ಮನೆ ತುಂಬ ಮಂದಿ ಇದ್ದಾರೆ, ಇವತ್ತು ಬೇಡ ಅಂದುಕೊಂಡೆ. ಆಮೇಲೆ ಪಂಚಮಿ ಬಂತು. ಹಬ್ಬದಲ್ಲಿ ಯಾಕೆ ಅಂದೆ. ದಸರೆಗೆ ಒಂದು ನೆವ, ಸಂಕ್ರಾಂತಿಗೆ ಇನ್ನೊಂದು. ಬಾಯಿಂದ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬರೆಯಲು ಕುಳಿತಿದ್ದೇನೆ. ಹೈಸ್ಕೂಲು ಮುಗಿಸಿದ ಮೇಲೆ ನನ್ನ ಮದುವೆ ಪಂದಲಿನ ಧಂದೆಯ ಬೋರ್ಡು ಬಿಟ್ಟರೆ ನಾನು ಹೆಚ್ಚೇನೂ ಬರೆದವನಲ್ಲ. ಹಿಂದುಮುಂದಾದರೆ ಓದುವವರು ಹೊಂದಿಸಿಕೊಳ್ಳಬೇಕು.

ಅವನು ನನ್ನ ಹೆಂಡತಿಯ ತಮ್ಮ. ಗುಡಗೇರಿಯಲ್ಲಿ, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಅವನ ರೇಡಿಯೇಟರ್ ರಿಪೇರಿ ಅಂಗಡಿ ಇತ್ತು. ಆಕೆ ಅವನನ್ನು ತಮ್ಮ ಎಂದು ಕರೆಯುತ್ತಿದ್ದಳು, ನಾನೂ ತಮ್ಮ ಎಂದೆ, ಕಡೆಗೆ ಕಲಘಟಗಿಯಲ್ಲಿ ನಮ್ಮ ಓಣಿಯವರಿಗೆಲ್ಲ ಅವನು ತಮ್ಮನೇ ಆದ. ಇಲ್ಲಿಯೂ ಅಷ್ಟೇ ಇರಲಿ.

ರೇಡಿಯೇಟರ್ ಕೆಲಸವೆಂದರೆ ಮಸಿ, ತುಕ್ಕು, ಕೊಳೆತ ನೀರು. ಆ ಕೆಲಸವನ್ನು ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮಾಡುತ್ತಿದ್ದ. ಮೇಲೆ ಗೋಣಿಚೀಲಕ್ಕೆ ಮೂರು ತೂತು ಮಾಡಿ ತೊಟ್ಟುಕೊಳ್ಳುತ್ತಿದ್ದ. ಗಿರಾಕಿ ಬಂದರೆ ಅದನ್ನು ತೆಗೆದೆಸೆದು ಅಂಗಿಯಲ್ಲಿ ಎದುರುಗೊಳ್ಳುತ್ತಿದ್ದ. ಜೇಬಿನಲ್ಲಿ ಬಾಚಣಿಕೆ. ಯಾವ ಗಾಡಿ ಬರಲಿ, ಬಾನೆಟ್ ಎತ್ತುವ ಮೊದಲು ಅದರ ಬಾಜೂ ಕನ್ನಡಿಯನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡು ತಲೆ ಬಾಚುತ್ತಿದ್ದ. ಆಳು ಗಿಡ್ಡ. ಅವನ ಕೈಗೆ ಸಿಕ್ಕ ಗಾಡಿ ಅಂಗಡಿಯಿಂದ ಹೊರಬಿದ್ದರೆ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣದೆ ಬಾಗಿಲ ಹಿಡಿಕೆ ಕಾಣುತ್ತಿತ್ತು. ಡ್ರೈವರುಗಳು ಬೈಯುತ್ತಲೇ ಸರಿ ಮಾಡಿಕೊಳ್ಳುತ್ತಿದ್ದರು. "ಕನ್ನಡಿ ಕೆಳಗ ಇತ್ತಂದ್ರ ತಿಳೀರಿ, ಕೆಲಸ ನನ್ನ ಕೈಯಾಗ ಆಗೈತಿ" ಅನ್ನುತ್ತಿದ್ದ.

ಜಂಭಗಾರ. ಮಾತು ಬಹಳ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಅಡುಗೆಯ ವಾಸನೆ ಹಿಡಿದು ತೀರ್ಪು ಕೊಡುತ್ತಿದ್ದ.

"ಅಕ್ಕಾ, ಝುಣಕಾ ಅಗದಿ ಚಲೋ ಆಗೈತಿ. ಬಾಜೂ ಮನಿಯಾಕಿ ಮಾಡಿಕೊಟ್ಟಳೇನ?"

"ಲೇ ತಮ್ಮಾ, ಉಣ್ಣೂದಿದ್ರ ಉಣ್ಣು. ಇಲ್ಲಂದ್ರ ಸವಟು ಐತಿ ಕೈಯಾಗ."

ಕೆಲಸ ಬಲ್ಲವನು ಹೌದು. ಹಾಗಂತ ಕೈ ತಪ್ಪದವನೇನೂ ಅಲ್ಲ. ಒಮ್ಮೆ ನಮ್ಮ ಅಡುಗೆಮನೆಯ ಹೊಗೆ ತೆಗೆಯುವ ಫ್ಯಾನು ಕೆಟ್ಟಿತ್ತು. ಬಿಚ್ಚಿ, ತಂತಿ ಸುತ್ತಿ, ಜೋಡಿಸಿ ಹೋದ. ಮರುದಿನ ಆಕೆ ಮೆಣಸಿನಕಾಯಿ ಹುರಿಯಲಿಟ್ಟರೆ ಘಾಟೆಲ್ಲ ಮನೆಯೊಳಗೇ ನುಗ್ಗಿತು. ಫ್ಯಾನು ತಿರುವುಮುರುವು ತಿರುಗುತ್ತಿತ್ತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡೇ ಆಕೆ ಫೋನು ಮಾಡಿದಳು. ಆ ಕಡೆಯಿಂದ ಅವನು, "ತಪ್ಪು ನಂದ ಅಕ್ಕಾ. ಆದ್ರ ವಿಚಾರ ಮಾಡು, ಮೆಣಸಿನಕಾಯಿ ನಮ್ಮವು. ಹೊರಗಿನ ಮಂದಿ ಯಾಕ ಕೆಮ್ಮಬೇಕು?" ಅಂದ.

ತಪ್ಪು ನಂದ. ಈ ಮಾತನ್ನು ಅವನು ಒಂದು ಲೋಟ ನೀರು ಕೊಡು ಅನ್ನುವಷ್ಟು ಹಗುರವಾಗಿ ಅನ್ನುತ್ತಿದ್ದ. ಅಂದು, ಬಸ್ಸು ಹತ್ತಿ ಬಂದು, ಸರಿ ಮಾಡಿ ಹೋಗುತ್ತಿದ್ದ. ನನಗೆ ಆ ಮಾತು ಯಾವತ್ತೂ ಬಂದಿಲ್ಲ.

ನನ್ನ ಮೇಲೆ ಅವನದೊಂದು ಹಳೆಯ ಫಿರ್ಯಾದಿ ಇತ್ತು. ನಮ್ಮ ಮದುವೆಯ ಹೊಸತರಲ್ಲಿ ನಾನು ಅವರ ಮನೆಗೆ ಹೋದಾಗ, ಹೆಂಡತಿಯ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹೆಣ್ಣುಮಕ್ಕಳು ಬಾಗಿಲಲ್ಲಿ ತಡೆದರು. ನಮ್ಮ ಕಡೆಯ ಪದ್ಧತಿ. ಆಕೆ ನನ್ನ ಹೆಸರನ್ನು ಒಡಪಿನ ಪದ್ಯದಲ್ಲಿ ಇಟ್ಟು ಚೆಂದವಾಗಿ ಹೇಳಿದಳು. ನನಗೆ ನಾಚಿಕೆ. ಎಲ್ಲರಿಗಿಂತ ಮುಂದೆ, ಎರಡೂ ಕೈ ಚಾಚಿ ಹೊಸ್ತಿಲಿಗೆ ಅಡ್ಡ ನಿಂತಿದ್ದವನು ಇವನೇ, ಆಗ ಇನ್ನೂ ಸಣ್ಣವನು. ಅವನ ಕೈಗೆ ಪೆಪ್ಪರಮೆಂಟು ಹಿಡಿಸಿ, ಅವನು ಕಾಗದ ಬಿಚ್ಚುವಷ್ಟರಲ್ಲಿ ಒಳಗೆ ನುಸುಳಿಬಿಟ್ಟೆ. ಆಮೇಲೆ ಜೀವನವಿಡೀ ಹೆಂಡತಿಯನ್ನು 'ಏ' ಎಂದೋ 'ಕೇಳಿಲ್ಲೆ' ಎಂದೋ ಕರೆದೆ. ಮಂದಿಯ ಮುಂದೆ 'ನಮ್ಮಾಕಿ'. ಹೆಸರು ಹಿಡಿದು ಕರೆಯಲಿಲ್ಲ. ತಮ್ಮ ಬೋಳುತಲೆಯಾದ ಮೇಲೂ, ಬಾಚಣಿಕೆ ಮಾತ್ರ ಬಿಟ್ಟಿರಲಿಲ್ಲ, ಪಂಗತಿಯಲ್ಲಿ ಕುಳಿತಾಗ ಹೇಳುತ್ತಿದ್ದ: "ನಮ್ಮ ಮಾಮಾ ಪೆಪ್ಪರಮೆಂಟ್ ಕೊಟ್ಟು ಒಳಗ ಹೊಕ್ಕಾರ. ಹೆಸರು ಇನ್ನೂ ಬಾಕಿ ಐತಿ."

ಇನ್ನು ಗಾಡಿಯ ವಿಷಯ.

ನನ್ನದು ಶಾಮಿಯಾನದ ಧಂದೆ. ಪಂದಲಿನ ಕಂಬ, ಕುರ್ಚಿ, ಅಡುಗೆಯ ದೊಡ್ಡ ಭಾಂಡೆ, ಎರಡು ಗಾಲಿಯ ಮೇಲೆ ಕೂಡಿಸಿದ ಜನರೇಟರ್. ಒಂದು ಸಲ ಪಂದಲು ಕಟ್ಟುವಾಗ ಏಣಿಯಿಂದ ಬಿದ್ದೆ, ಎಡಮೊಣಕಾಲು ಮಡಚದಂತಾಯಿತು. ಕ್ಲಚ್ ತುಳಿಯಲು ಆಗದು. ಹುಬ್ಬಳ್ಳಿಯಲ್ಲಿ ಒಬ್ಬ ಗುತ್ತಿಗೆದಾರ ಮಾರಲಿಟ್ಟಿದ್ದ, ಕ್ಲಚ್ ಇಲ್ಲದ, ಗೇರು ತಾನೇ ಬೀಳುವ ಪಿಕಪ್ ಗಾಡಿಯನ್ನು ಕೊಂಡೆ. ಹಿಂದೆ ಭಾಂಡೆ ತುಂಬಿ, ಅದರ ಹಿಂದೆ ಜನರೇಟರ್ ಜೋಡಿಸಿ ಎಳೆಯುತ್ತಿದ್ದೆ. ಮೊದಲ ಬೇಸಿಗೆಯಲ್ಲೇ ಗಾಡಿ ಏರಿನಲ್ಲಿ ಜಾರತೊಡಗಿತು. ಇಂಜಿನ್ ಕಿರುಚುತ್ತದೆ, ಗಾಲಿ ಮಾತ್ರ ಮುಂದೆ ಹೋಗಲು ಒಲ್ಲದು.

ತಮ್ಮನನ್ನು ಕರೆಸಿದೆ. ಅವನು ಬಂದು, ಕನ್ನಡಿ ತಿರುಗಿಸಿ ತಲೆ ಬಾಚಿ, ಆಮೇಲೆ ಗೇರ್ ಪೆಟ್ಟಿಗೆಯ ಎಣ್ಣೆ ನೋಡುವ ಕಡ್ಡಿ ಎಳೆದು ನನ್ನ ಮೂಗಿಗೆ ಹಿಡಿದ.

"ಮೂಸಿ ನೋಡ್ರಿ ಮಾಮಾ."

"ಸುಟ್ಟ ವಾಸನಿ."

"ಒಗ್ಗರಣಿ ಹೊತ್ತೈತಿ. ಈ ಗಾಡಿಯಾಗ ಕ್ಲಚ್ಚಿನ ಕೆಲಸನೂ ಎಣ್ಣಿನ ಮಾಡ್ತೈತಿ. ನೀವು ಹಿಂದ ಮದವಿಮನಿ ಕಟ್ಟಿಕೊಂಡು ಎಳಿತೀರಿ, ಅದು ಕಾಯ್ತೈತಿ. ಮುಂದ ರೇಡಿಯೇಟರಿನ ಬುಡಕ್ಕ ಹೋಗಿ ತಣ್ಣಗಾಗಿ ಬರೂದು ಸಾಲವಲ್ದು. ಇನ್ನೊಂದು ಸಣ್ಣ ಕೂಲರ್ ಹಾಕೂಣು."

"ಗಾಜಿನ ಹಿಂದಿನ ಮುಳ್ಳು ನಡುವನ ಐತಲ್ಲೋ?"

"ಆ ಮುಳ್ಳು ನೀರಿನ ಬಿಸಿ ಹೇಳ್ತೈತಿ. ಎಣ್ಣಿಂದು ಹೇಳಂಗಿಲ್ಲ. ಎಣ್ಣಿ ತನ್ನ ಸಂಕಟ ಯಾರಿಗೂ ಹೇಳಂಗಿಲ್ಲ, ಅಕ್ಕನಂಗ."

ಕೂಲರ್ ಎಂದರೆ ನೀರು ಹಾಕುವ ಕೂಲರ್ ಅಲ್ಲ. ಸಾಲಿ ಹುಡುಗರು ಬರೆಯುವ ಪಾಟಿಯಷ್ಟು ಅಗಲದ ಒಂದು ಜಾಲರಿ. ಕೊಳವೆಗಳು, ನಡುವೆ ತಗಡಿನ ತೆಳು ಎಸಳುಗಳು. ರೇಡಿಯೇಟರಿನಿಂದ ಗೇರ್ ಪೆಟ್ಟಿಗೆಗೆ ಮರಳುವ ಎಣ್ಣೆಯ ಕೊಳವೆಯನ್ನು ಕತ್ತರಿಸಿ ಇದರೊಳಗೆ ಹಾಯಿಸಿ ಕಳಿಸಬೇಕು. ಓಡುವಾಗಿನ ಎದುರುಗಾಳಿ ಎಸಳುಗಳ ನಡುವೆ ಹಾದು ಎಣ್ಣೆ ತಣಿಯುತ್ತದೆ. ಹೊಸ ಕೂಲರ್ ತಾನೇ ಹುಬ್ಬಳ್ಳಿಗೆ ಹೋಗಿ ತಂದ. ಅಕ್ಕನ ಮನೆಯ ಗಾಡಿ ಎಂದು ಒಂದು ಪೈಸೆ ಮುಟ್ಟಲಿಲ್ಲ.

ಕೆಲಸ ನಡೆದದ್ದು ನಮ್ಮ ಅಂಗಳದಲ್ಲಿ, ಒಂದು ರವಿವಾರ. ಯಾವ ಕೊಳವೆಯಿಂದ ಎಣ್ಣೆ ಮರಳುತ್ತದೆ ಎಂದು ನೋಡಲು ಒಂದನ್ನು ಬಿಚ್ಚಿ, ಕೆಳಗೆ ಪಾತ್ರೆ ಹಿಡಿದು, ಇಂಜಿನ್ ಚಾಲೂ ಮಾಡಬೇಕಾಗಿತ್ತು. ಅವನು ಒಳಗೆ ಹೋಗಿ ಕೈಗೆ ಸಿಕ್ಕ ಪರಾತ ತಂದ. ಇಂಜಿನ್ ಗುರ್ ಅಂದದ್ದೇ ಕರಿಗೆಂಪು ಎಣ್ಣೆ ಚಿಮ್ಮಿತು.

ಆಕೆ ಬಾಗಿಲಿಗೆ ಬಂದು ನೋಡಿದಳು. "ಅದು ನಾ ಹೋಳಿಗಿ ಹಿಟ್ಟು ನಾದೂ ಪರಾತ."

"ತಪ್ಪು ನಂದ ಅಕ್ಕಾ. ಹೊಸಾದು ತಂದುಕೊಡ್ತೇನಿ. ಈಗ ಗಟ್ಟಿ ಹಿಡಿ, ಚೆಲ್ಲೀತು."

ಬೈಯುತ್ತಲೇ ಹಿಡಿದಳು. ಕೂಲರನ್ನು ರೇಡಿಯೇಟರಿನ ಮುಂದೆ, ಕೆಳಭಾಗಕ್ಕೆ, ತಿಕ್ಕಾಡದಂತೆ ರಬ್ಬರಿನ ತುಂಡು ಕೊಟ್ಟು ಕೂಡಿಸಿದ. ಕ್ಲಿಪ್ಪುಗಳನ್ನು ಬಿಗಿದು, ಕಡಿಮೆ ಬಿದ್ದ ಎಣ್ಣೆ ತುಂಬಿ, ಇಂಜಿನ್ ಕಾಯಿಸಿ ಮತ್ತೆ ಕಡ್ಡಿ ನೋಡಿದ. ಜನರೇಟರ್ ಜೋಡಿಸಿಕೊಂಡು ಮೂವರೂ ದೇವಿಕೊಪ್ಪದ ರಸ್ತೆಗೆ ಒಂದು ಸುತ್ತು ಹೋಗಿ ಬಂದೆವು. ಗಾಡಿ ಏರನ್ನು ಸಲೀಸಾಗಿ ಹತ್ತಿತು. ಅವನು ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಳಿಯನ್ನು ಹಿಡಿಯುವವನಂತೆ ಬೊಗಸೆ ಮಾಡಿದ.

ಹೋಗುವ ಮುಂದೆ ಗಾಡಿಯ ಮುಂದಿನ ಜಾಲರಿಯ ಮೇಲೆ ಅಂಗೈ ಇಟ್ಟು ಹೇಳಿದ: "ಮಾಮಾ, ಇಷ್ಟ ನೆನಪಿಡ್ರಿ. ಇದು ಗಾಳಿ ಬರೂ ಬಾಗಲಾ. ಇದರ ಮುಂದ ಏನೂ ಕಟ್ಟಬ್ಯಾಡ್ರಿ."

ನೆನಪಿತ್ತು. ಖಂಡೆ ಪೂಜೆಯವರೆಗೆ.

ದಸರೆಯ ನವಮಿಯ ದಿನ, ಆಯುಧ ಪೂಜೆಗೆ, ನಮ್ಮ ಕಡೆ ಗಾಡಿಗಳಿಗೆ ಬಾಳೆಗಂಬ, ಕಬ್ಬು, ಚೆಂಡುಹೂವಿನ ಮಾಲೆ ಕಟ್ಟುತ್ತಾರೆ. ನಾನೂ ಕಟ್ಟಿದೆ. ಆ ವರ್ಷ ನಮ್ಮ ಶಾಮಿಯಾನದ ಹೆಸರು, ನನ್ನ ಫೋಟೋ, ಫೋನ್ ನಂಬರು ಇರುವ ಒಂದು ಫ್ಲೆಕ್ಸ್ ಮಾಡಿಸಿದ್ದೆ. ಅದನ್ನೂ ಹೂವಿನ ಮೇಲೆಯೇ, ಮುಂದಿನ ಜಾಲರಿಯ ಕೆಳಭಾಗಕ್ಕೆ, ಸುತಳಿ ಹಾಕಿ ಬಿಗಿಯಾಗಿ ಕಟ್ಟಿದೆ. ಬಾಳೆಗಂಬ ಒಣಗಿದ ಮೇಲೆ ಕಿತ್ತೆ. ಫ್ಲೆಕ್ಸ್ ಬಿಚ್ಚಲು ಮನಸ್ಸಾಗಲಿಲ್ಲ. ಸಂತೆಯಲ್ಲಿ ಜನ ಓದುತ್ತಿದ್ದರು. ಫೋಟೋದಲ್ಲಿ ನಾನು ಕಿರಿಯನಾಗಿ ಕಾಣುತ್ತಿದ್ದೆ. ತಮ್ಮ ಹೇಳಿದ್ದು ಕಟ್ಟುವಾಗ ನೆನಪಾಗಿತ್ತು. ಒಂದು ದಿನದ ಮಟ್ಟಿಗೆ ಏನಾದೀತು ಅಂದುಕೊಂಡಿದ್ದೆ. ಚಳಿಗಾಲ ಪೂರ್ತಿ ಏನೂ ಆಗಲಿಲ್ಲ. ಆದ್ದರಿಂದ ಮರೆತೆ.

ಬೇಸಿಗೆ ಬಂತು. ದೇವಿಕೊಪ್ಪದಲ್ಲಿ ನಮ್ಮ ಬೀಗರ ಪೈಕಿ ಒಂದು ಮದುವೆ. ಪಂದಲು ಹಿಂದಿನ ದಿನವೇ ಹಾಕಿಸಿದ್ದೆ. ಅಡುಗೆಯ ಭಾಂಡೆ, ಜನರೇಟರ್ ಬೆಳಿಗ್ಗೆ ನಾನು ಒಯ್ಯಬೇಕು. ಇನ್ನೊಂದೂರಿನ ಕೆಲಸ ಮುಗಿಸಿ ಹೊರಡುವಾಗಲೇ ಬಿಸಿಲೇರಿತ್ತು. ಊರು ಕಾಣುವ ಮೊದಲು, ಏರಿನಲ್ಲಿ, ಗಾಡಿ ನಿಂತಿತು. ಸುಟ್ಟ ವಾಸನೆ. ಒಂದು ಟ್ರ್ಯಾಕ್ಟರ್ ತರಿಸಿ ಭಾಂಡೆ ಸಾಗಿಸುವಷ್ಟರಲ್ಲಿ ಅಕ್ಷತೆ ಮುಗಿದು, ಓಣಿಯವರಿಂದ ಬೇಡಿ ತಂದ ಸಣ್ಣ ಪಾತ್ರೆಗಳಲ್ಲಿ ಅಡುಗೆ ಇನ್ನೂ ಅರ್ಧವಾಗಿರುವಾಗಲೇ ಮಂದಿ ಉಣ್ಣಲು ಕುಳಿತು, ಖಾಲಿ ಎಲೆ ನೋಡುತ್ತಿದ್ದರು. ಹುಡುಗಿಯ ತಂದೆ ಟ್ರ್ಯಾಕ್ಟರಿನಿಂದ ಭಾಂಡೆಯನ್ನು ತಾನೇ ಇಳಿಸತೊಡಗಿದ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತೋ ಏನೋ.

ತಮ್ಮ ಆ ಮದುವೆಗೆ ಬಂದಿದ್ದ. ಬಿಳಿ ಅಂಗಿ, ಅತ್ತರಿನ ವಾಸನೆ. ಗಾಡಿ ನಿಂತಿದೆ ಎಂದು ಕೇಳಿ, "ಏನಾತ್ರಿ ಮಾಮಾ, ನಡ್ರಿ ನೋಡೂಣು" ಎಂದು ಅಂಗಿಯ ತೋಳು ಮಡಚುತ್ತ ನನ್ನತ್ತ ಬಂದ.

ಅಷ್ಟೂ ಮಂದಿಯ ಮುಂದೆ ನಾನು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: "ಏನ್ ನೋಡ್ತಿ? ಗುಜರಿ ಸಾಮಾನು ತಂದು ಅಕ್ಕನ ಮನಿಗೇ ಹಾಕಿದಿ. ಹೊರಗಿನವರಿಗೆ ಇನ್ನೇನ್ ಹಾಕ್ತೀಯೋ."

ಅವನು ಮಡಚಿದ ತೋಳನ್ನು ಇಳಿಸಿಕೊಂಡ. ಜೇಬಿನಿಂದ ಬಾಚಣಿಕೆ ತೆಗೆದ, ಬಾಚಲಿಲ್ಲ, ಒಳಗಿಟ್ಟ. ಆಕೆ ಬಡಿಸುವವರ ಸಾಲಿನಲ್ಲಿದ್ದಳು. "ಅವ್ನಿಗೆ ಹಂಗ ಅನಬ್ಯಾಡ್ರಿ, ಮೊದಲ ಗಾಡಿ ನೋಡ್ರಿ" ಎಂದು ಸಣ್ಣ ದನಿಯಲ್ಲಿ ಹೇಳಿದಳು. ನಾನು ಅವಳ ಕಡೆ ತಿರುಗಿದೆ. "ನಿನ್ನ ತೌರಮನಿ ಹಣೇಬಾರನ ಇಷ್ಟು" ಅಂದೆ. ಅವಳ ಕೈಯಲ್ಲಿ ಉಪ್ಪಿನ ತಾಟು ಇತ್ತು. ಅದನ್ನು ಹಿಡಿದುಕೊಂಡು ಮುಂದಿನ ಎಲೆಗೆ ಹೋದಳು, ಅದರ ಮುಂದಿನದಕ್ಕೆ ಹೋದಳು. ಉಪ್ಪು ಬಡಿಸುವುದು ಮಾತ್ರ ಮರೆತಿದ್ದಳು.

ತಮ್ಮ ಉಣ್ಣದೆ ಹೋದ. ಮದುವೆಮನೆಯಿಂದ ಉಣ್ಣದೆ.

ಮಂದಿ ಕರಗಿದ ಮೇಲೆ ನಾನೊಬ್ಬನೇ ಗಾಡಿಯ ಹತ್ತಿರ ಹೋದೆ. ಕೆಳಗೆ ಹೊಕ್ಕು ನೋಡಬೇಕು, ನೆಲ ಸುಡುತ್ತಿದೆ, ಹಾಸಿಕೊಳ್ಳಲು ಏನಾದರೂ ಬೇಕು. ಕಣ್ಣಿಗೆ ಬಿದ್ದದ್ದು ಫ್ಲೆಕ್ಸ್. ಸುತಳಿ ಹರಿದು ಎಳೆದೆ. ಅದರ ಹಿಂದೆ ಹೋದ ದಸರೆಯ ಚೆಂಡುಹೂವು, ಬಾಳೆಯ ನಾರು, ಒಣಗಿ ಪುಡಿಯಾಗಿ ಕೂಲರಿನ ಎಸಳುಗಳ ಸಂದಿಯಲ್ಲಿ ಸಗಣಿ ಸಾರಿಸಿದಂತೆ ಮೆತ್ತಿಕೊಂಡಿತ್ತು. ಒಂದು ಸೂಜಿಯಷ್ಟೂ ಗಾಳಿಗೆ ದಾರಿ ಇರಲಿಲ್ಲ. ಅವನ ಕೊಳವೆ, ಅವನ ಕ್ಲಿಪ್ಪು ಎಲ್ಲ ಒಣಗಿದ್ದವು. ಒಂದು ಹನಿ ಸೋರಿರಲಿಲ್ಲ.

ನಾನು ಬೆರಳಿನಿಂದ ಆ ಹೂವನ್ನು ಕೆದರಿ ತೆಗೆದೆ. ಫ್ಲೆಕ್ಸನ್ನು ಸುತ್ತಿ ಸೀಟಿನ ಹಿಂದೆ ತುರುಕಿದೆ. ಯಾರಿಗೂ ಹೇಳಲಿಲ್ಲ. ಬೇರೆ ಮಿಸ್ತ್ರಿ ಎಣ್ಣೆ ಬದಲಿಸಿದ, ಗಾಡಿ ಮೊದಲಿನಂತಾಯಿತು. ಮನೆಯಲ್ಲಿ ಕೇಳಿದರೆ, "ಹೊಸ ಮಿಸ್ತ್ರಿ ರಿಪೇರಿ ಮಾಡಿದ" ಅಂದೆ. ಅದು ಸುಳ್ಳೇನೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ.

ಆಕೆ ತಮ್ಮನಿಗೆ ಫೋನು ಮಾಡುವುದನ್ನು ಬಿಟ್ಟಳು. ನಾನು ಬಿಡು ಅಂದಿರಲಿಲ್ಲ. ನನ್ನ ಮುಖ ನೋಡಿ ಬಿಟ್ಟಳು. ಶ್ರಾವಣ ಹತ್ತಿರ ಬಂತು. ಮದುವೆಯಾದಂದಿನಿಂದ ಆಕೆ ಪಂಚಮಿಗೆ ತೌರುಮನೆ ತಪ್ಪಿಸಿದವಳಲ್ಲ. ಮೊದಲು ಅಪ್ಪ ಕರೆಯಲು ಬರುತ್ತಿದ್ದ, ಆಮೇಲೆ ತಮ್ಮ. ಮೊಮ್ಮಕ್ಕಳನ್ನು ಕಂಡ ಅಕ್ಕನನ್ನು ಜೋಕಾಲಿಯಲ್ಲಿ ಕೂಡಿಸಿ ಜೀಕಿ, ಹೆದರಿಸಿ, ಬೈಸಿಕೊಳ್ಳುತ್ತಿದ್ದ. ಆ ವರ್ಷ ಆಕೆ ಉಂಡಿ ಕಟ್ಟಲಿಲ್ಲ. ಎಳ್ಳು, ಶೇಂಗಾ ಡಬ್ಬಿಯಲ್ಲೇ ಇದ್ದವು. "ಯಾಕ?" ಎಂದು ಕೇಳಿದೆ, ಕಾರಣ ಗೊತ್ತಿಲ್ಲದವನ ಹಾಗೆ.

"ಅವ ಬರಂಗಿಲ್ರಿ. ಯಾವ ಮಾರಿ ಇಟ್ಕೊಂಡು ಬರ್ತಾನ" ಅಂದಳು.

ಬಂದ. ಹಬ್ಬದ ಹಿಂದಿನ ದಿನ, ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಒಂದು ಹೊಸ ಪರಾತ ಇಟ್ಟುಕೊಂಡು. ಮನೆಯೊಳಗೆ ಬರದೆ ನೇರ ಗಾಡಿಯ ಹತ್ತಿರ ಹೋದ. ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಕನ್ನಡಿ ತಿರುಗಿಸಿ ಬಾಚಿಕೊಂಡ. ಆಮೇಲೆ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತ. ಜಾಲರಿಯ ಎರಡೂ ಬದಿಗೆ ಸುತಳಿಯ ಗಂಟುಗಳು ಹಾಗೇ ಉಳಿದಿದ್ದವು. ನಾನು ಹರಿದು ತೆಗೆದಿದ್ದೆ, ಗಂಟು ಬಿಚ್ಚಿರಲಿಲ್ಲ. ಎಸಳಿನ ಸಂದಿಯಿಂದ ಒಂದು ಒಣ ಹೂವಿನ ಚೂರನ್ನು ಉಗುರಿನಿಂದ ತೆಗೆದು ನೋಡಿದ. ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

ಆಕೆ ಬಾಗಿಲಿಗೆ ಬಂದಿದ್ದಳು. "ಏನಾಗಿತ್ತೋ ತಮ್ಮಾ ಅದಕ್ಕ?"

ಅವನು ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಸುತಳಿಯನ್ನು ಜೇಬಿಗೆ ಹಾಕಿಕೊಂಡ. "ಕ್ಲಿಪ್ ಸಡ್ಲ ಬಿಟ್ಟಿದ್ದೆ ಅಕ್ಕಾ. ತಪ್ಪು ನಂದ. ಮಾಮಾ ಅಂದದ್ದರಾಗ ಏನೂ ತಪ್ಪಿಲ್ಲ" ಅಂದ. "ತಗೋ ನಿನ್ನ ಪರಾತ. ಸೀರಿ ಅರಬಿ ಗಂಟು ಕಟ್ಟು, ಬಸ್ ತಪ್ಪತೈತಿ."

ಆಕೆ ಪರಾತ ತಿರುಗಿಸಿ ನೋಡಿ, "ಇದಕ್ಕ ಡೊಂಕು ಬಿದ್ದೈತಲ್ಲೋ" ಅಂದಳು. "ಬಸ್ಸಿನ್ಯಾಗ ಅದರ ಮ್ಯಾಲೆ ಒಬ್ಬಾಕಿ ಕುಂತಿದ್ದಳು" ಅಂದ. ಆಕೆ ನಕ್ಕಳು. ಎಷ್ಟೋ ತಿಂಗಳ ಮೇಲೆ.

ಹೊರಡುವ ಮೊದಲು ಒಳಗಿನ ಕೋಣೆಯಲ್ಲಿ ನನ್ನ ಹತ್ತಿರ ಬಂದು ನಿಂತಳು. "ನಮ್ಮ ತಮ್ಮನ್ನ ಮಾಫ್ ಮಾಡ್ರಿ. ಬೇಕಂತ ಮಾಡಿದಾವ ಅಲ್ಲ ಅವ."

ನಾನು ಏನು ಅಂದೆ? "ಆಗಲಿ, ಹೋಗಿ ಬಾ" ಅಂದೆ. ದೊಡ್ಡ ಮನಸ್ಸಿನವನ ಹಾಗೆ.

ಮುಂದೆ ಒಂದು ಸಲ, ಸಂತೆಯ ನೆವ ಮಾಡಿ ಗುಡಗೇರಿಗೆ ಹೋಗಿ ಅವನ ಅಂಗಡಿಯ ಮುಂದೆ ಕುಳಿತೆ. ಬಹಳ ಹೊತ್ತು ಮಳೆ ಬೆಳೆ ಮಾತಾಡಿ, ಕಡೆಗೆ, "ಲೇ ತಮ್ಮಾ, ಅವತ್ತು ಫ್ಲೆಕ್ಸ್ ಕಟ್ಟಿದ್ದು..." ಎಂದೆ.

ಅವನು ರೇಡಿಯೇಟರಿಗೆ ಬೆಸುಗೆ ಹಾಕುತ್ತಿದ್ದ. ತಲೆ ಎತ್ತಲಿಲ್ಲ. "ನನಗ ಗೊತ್ತೈತ್ರಿ ಮಾಮಾ. ಗೊತ್ತಿದ್ದಾವಗ ಹೇಳಿ ಏನ್ ಮಾಡ್ತೀರಿ? ಗೊತ್ತಿಲ್ಲದಾಕಿಗೆ ಹೇಳ್ರಿ."

"ನೀ ಯಾಕ ನಿನ್ನ ಮ್ಯಾಲೆ ಹಾಕ್ಕೊಂಡಿ?"

"ಅಕ್ಕ ಪಂಚಮಿಗೆ ಬರಬೇಕಂದ್ರ ಯಾರರೆ ಒಬ್ರು ತಪ್ಪು ನಂದ ಅನಬೇಕಾಗಿತ್ತು. ನಿಮಗ ರೂಢಿ ಇಲ್ಲ." ಆಮೇಲೆ ನಕ್ಕ. "ಅವಸರ ಇಲ್ರಿ. ಹೆಸರಿನ ಸಂಗಟನ ಇದನ್ನೂ ಬಾಕಿ ಇಟ್ಟೇನಿ. ಚಹಾ ಕುಡೀರಿ."

ಅವನು ಮತ್ತೆ ಆ ಮಾತು ತೆಗೆಯಲಿಲ್ಲ. ಪ್ರತಿ ಪಂಚಮಿಗೂ ಬಂದ. ಪ್ರತಿ ಸಲವೂ ಕೂಲರಿನ ಎಸಳುಗಳಿಗೆ ನೀರು ಹೊಡೆದು ತೊಳೆದು, ಎಣ್ಣೆ ಮೂಸಿ, ನನ್ನ ಕನ್ನಡಿ ಕೆಡಿಸಿ ಹೋದ. ಆ ಗಾಡಿ ಇವತ್ತಿಗೂ ಜನರೇಟರ್ ಎಳೆಯುತ್ತದೆ. ಅದು ಎಳೆದಷ್ಟೂ ದಿನ ನಮ್ಮ ಮನೆಯಲ್ಲಿ ಅನ್ನವಾಗಿದೆ. ಮಾನ ಕಳೆದವನ ಮನೆಗೆ ಪರಾತ ಹಿಡಿದುಕೊಂಡು ಬರುವಷ್ಟು ದೊಡ್ಡತನ ಎಲ್ಲಿಂದ ಬರುತ್ತದೆ, ನನಗೆ ಗೊತ್ತಿಲ್ಲ. ಬಂದದ್ದು ನನ್ನ ಪುಣ್ಯ. ಇಲ್ಲವಾದರೆ ಆಕೆಗೆ ತೌರುಮನೆಯೂ ಇರುತ್ತಿರಲಿಲ್ಲ, ನನಗೆ ಅವನ ಇಷ್ಟು ವರ್ಷದ ಮಾತೂ ಸಿಗುತ್ತಿರಲಿಲ್ಲ.

ಹೋದ ವರ್ಷ ಅಂಗಡಿಯಲ್ಲೇ, ಕೆಲಸ ಮಾಡುತ್ತ ಮಾಡುತ್ತ, ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಆ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ನಾನೇ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದೆ. ಆಕೆ ಒಲ್ಲೆ ಅಂದಳು. ಆದರೂ ಉಂಡಿ ಕಟ್ಟಿದಳು, ಆ ಡೊಂಕು ಪರಾತದಲ್ಲಿ. ನಾಲ್ಕು ಉಂಡಿ ಅವನ ಫೋಟೋದ ಮುಂದಿಟ್ಟು, ನನ್ನ ಕಡೆ ತಿರುಗದೆಯೇ ಹೇಳಿದಳು: "ಊರ ಮಂದಿ ಗಾಡಿ ಎಲ್ಲಾ ಚಲೋ ಮಾಡಿದ. ನಮ್ಮದೊಂದ ಕೆಡಿಸಿದ. ಇನ್ನರೆ ಅದನ್ನ ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ಎರಡನೆಯ ಸಲ ಅವನ ಪರವಾಗಿ ನನ್ನ ಕ್ಷಮೆ ಕೇಳಿದ್ದಳು. ಹೊರಗೆ ಹೋಗಿ ಗಾಡಿಯಲ್ಲಿ ಕುಳಿತೆ. ಕನ್ನಡಿಯಲ್ಲಿ ಬಾಗಿಲ ಹಿಡಿಕೆ ಕಾಣುತ್ತಿತ್ತು. ಅವನು ಕಡೆಯ ಸಲ ಬಂದು ಹೋದಾಗಿನಿಂದ ಅದನ್ನು ನಾನು ಮೇಲೆತ್ತಿಲ್ಲ.

ಆಕೆ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಾಳೆ. ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು ನಿಧಾನವಾಗಿ ಓದುತ್ತಾಳೆ. ಈ ಹಾಳೆಗಳನ್ನು ಇವತ್ತು ಅವಳ ಕೈಗೆ ಕೊಡುತ್ತೇನೆ. ನಿನ್ನ ತಮ್ಮನ ಕ್ಲಿಪ್ಪು ಸಡಿಲವಿರಲಿಲ್ಲ. ಗಾಳಿಯ ಬಾಗಿಲಿಗೆ ನನ್ನ ಫೋಟೋ ಕಟ್ಟಿದವನು ನಾನು. ಅಷ್ಟು ಮಂದಿಯ ಮುಂದೆ ನಿನ್ನ ತೌರುಮನೆಯನ್ನು ಹೀಗಳೆದವನೂ ನಾನು. ತಪ್ಪು ನನ್ನದು.

ತಮ್ಮಾ, ನೀನು ಬಾಕಿ ಇಟ್ಟದ್ದರಲ್ಲಿ ಒಂದು ಮುಗಿಯಿತು. ಇನ್ನೊಂದನ್ನೂ ಬರೆಯುತ್ತೇನೆ, ಹೊಸ್ತಿಲಲ್ಲಿ ನೀನು ಕೈ ಚಾಚಿ ಕೇಳಿದ್ದನ್ನು. ನಾನು ಇಷ್ಟು ದಿನ ಕ್ಷಮೆ ಕೇಳದೆ ಉಳಿದದ್ದು ನಿನ್ನ ಅಕ್ಕನ ಹತ್ತಿರ.

ಅವಳ ಹೆಸರು ನೀಲವ್ವ.